ಎದೆಯ ಒಳಪೆಟ್ಟು: ಗುಂಡಿಗೆಗೆ ಏಟಾಗಿದೆಯೋ ಇಲ್ವೋ ಅಂತ ನೋಡೋದು ಹೇಗೆ

ಆಕ್ಸಿಡೆಂಟ್ ಕೇಸ್ ಬಂದಾಗ ಜೊತೇಲಿ ಬಂದ ಮನೆಯವರು ಮೊದಲು ಕೇಳೋದು ಏನು ಹೇಳಿ? "ಒಳಪೆಟ್ಟು ಏನೂ ಆಗಿಲ್ಲ ತಾನೇ ಡಾಕ್ಟ್ರೇ?" ನಾವು ಎಕ್ಸ್‌ರೇನ ಲೈಟಿಗೆ ಹಿಡಿದು ನೋಡಿ "ಮೂಳೆ ಏನೂ ಮುರಿದಿಲ್ಲ, ಹೋಗಿ" ಅಂತೀವಿ. ಅವರು ಕೇಳಿದ್ದು ಒಂದು, ನಾವು ಕೊಟ್ಟ ಉತ್ತರ ಇನ್ನೊಂದು. ಅವರು ಕೇಳಿದ್ದು ಒಳಗಿಂದು, ನಾವು ಹೇಳಿದ್ದು ಗೂಡಿನ ಬಗ್ಗೆ. ಇವತ್ತು ನಾನು ಮಾತಾಡೋದು ಆ ಒಳಪೆಟ್ಟಿನ ಬಗ್ಗೆನೇ, ಅದರಲ್ಲೂ ಗುಂಡಿಗೆಗೆ ಬೀಳೋ ಒಳಪೆಟ್ಟು.

ನಂದೇ ಒಂದು ಕಥೆಯಿಂದ ಶುರು ಮಾಡ್ತೀನಿ, ಬೇರೆಯವರ ತಪ್ಪು ಹೇಳಿದ್ರೆ ಯಾರೂ ನಂಬಲ್ಲ. ತುಂಬಾ ವರ್ಷದ ಹಿಂದೆ, ನೈಟ್ ಡ್ಯೂಟಿ, ಕಬ್ಬಿನ ಸೀಸನ್. ರಾತ್ರಿ ಹನ್ನೊಂದರ ಹೊತ್ತಿಗೆ ಒಬ್ಬ ಟ್ರ್ಯಾಕ್ಟರ್ ಡ್ರೈವರ್ ಬಂದ, ನಲವತ್ತರ ಆಸುಪಾಸು, ನಡ್ಕೊಂಡೇ ಬಂದ. ಲೋಡ್ ಗಾಡಿ ಮೋರಿ ಗೋಡೆಗೆ ಗುದ್ದಿ ಸ್ಟೇರಿಂಗ್ ಎದೆಗೆ ಹೊಡೆದಿತ್ತು. ಬಿಪಿ ಚೆನ್ನಾಗಿತ್ತು, ಪಲ್ಸ್ 110 ಇತ್ತು, ನೋವಿಗೆ ಇರಬಹುದು ಅಂದ್ಕೊಂಡೆ. ಎಕ್ಸ್‌ರೇ ತೆಗೆಸ್ದೆ, ಪಕ್ಕೆಲುಬು ಎಲ್ಲಾ ಸರಿ ಇತ್ತು, ನೋವಿನ ಇಂಜೆಕ್ಷನ್ ಕೊಟ್ಟು ಕಳಿಸ್ದೆ. ಬೆಳಗ್ಗೆ ಎಂಟು ಗಂಟೆಗೆ, ನಾನಿನ್ನೂ ಡ್ಯೂಟಿ ಹ್ಯಾಂಡೋವರ್ ಮಾಡ್ತಿದೀನಿ, ಅದೇ ಮನುಷ್ಯ ವಾಪಸ್ಸು. "ಎದೆ ದಡದಡ ಅಂತಿದೆ ಸಾ" ಅಂದ. ಇಸಿಜಿ ಹಾಕಿದ್ರೆ ಏಟ್ರಿಯಲ್ ಫೈಬ್ರಿಲೇಷನ್, ಅಂದ್ರೆ ಗುಂಡಿಗೆಯ ಮೇಲಿನ ಕೋಣೆಗಳು ತಾಳ ತಪ್ಪಿ ನಡುಗೋದು, ರೇಟ್ 150. ಆ ಇಸಿಜಿ ರಾತ್ರಿನೇ ಹಾಕಬೇಕಿತ್ತು. ಮಷಿನ್ ನನ್ನ ಕುರ್ಚಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು, ಅದರ ಮೇಲೆ ಯಾರೋ ಸ್ವೆಟರ್ ಬೇರೆ ನೇತುಹಾಕಿದ್ರು.

ಈಗ ಒಂದು ನಿಮಿಷ ಗುಂಡಿಗೆ ಎಲ್ಲಿದೆ ಅಂತ ನೆನಪು ಮಾಡ್ಕೊಳ್ಳಿ. ಎದೆಮೂಳೆ ಮುಂದೆ, ಬೆನ್ನುಮೂಳೆ ಹಿಂದೆ, ಮಧ್ಯದಲ್ಲಿ ಇದು ಸಿಕ್ಕಾಕ್ಕೊಂಡಿದೆ, ಮುಂದಿನಿಂದ ಗುದ್ದಿದ್ರೆ ಅಡಕತ್ತರಿಯೊಳಗಿನ ಅಡಿಕೆ ತರ. ಮತ್ತೆ ಎಡಗಡೆ ಅಂತ ಎಲ್ರೂ ಹೇಳ್ತೀವಿ, ಆದ್ರೆ ಎದೆಮೂಳೆಗೆ ಅಂಟಿದ ಹಾಗೆ ಮುಂದೆ ಕೂತಿರೋದು ಬಲ ಹೃತ್ಕುಕ್ಷಿ, ರೈಟ್ ವೆಂಟ್ರಿಕಲ್, ಹಾಗಾಗಿ ಮೊದಲ ಏಟು ತಿನ್ನೋದು ಅದೇ. ತಮಾಷೆ ಏನಂದ್ರೆ ಇಸಿಜಿಲಿ ಜಾಸ್ತಿ ಕಾಣೋದು ಎಡಗಡೆಯ ದಪ್ಪ ಗೋಡೆಯ ಕರೆಂಟು, ಬಲಗಡೆಯದು ತೆಳು, ಅದರ ದನಿ ಕೇಳಿಸೋದೇ ಕಷ್ಟ. ಮನೇಲಿ ಜೋರಾಗಿ ಮಾತಾಡೋರೊಬ್ಬರು ಇದ್ರೆ ಮೆತ್ತಗೆ ಮಾತಾಡೋರ ಹೊಟ್ಟೆನೋವು ಯಾರಿಗೂ ಗೊತ್ತಾಗಲ್ವಲ್ಲ, ಹಾಗೆ. ಅದಕ್ಕೇ ಇಸಿಜಿ ನಾರ್ಮಲ್ ಇದೆ ಅಂತ ಅಷ್ಟಕ್ಕೇ ಕೈ ತೊಳ್ಕೊಳ್ಳೋಕೆ ಆಗಲ್ಲ, ಇದಕ್ಕೆ ಆಮೇಲೆ ಬರ್ತೀನಿ.

ಏಟು ಅಂದ್ರೆ ಬರೀ ಸ್ಟೇರಿಂಗ್ ಅಲ್ಲ. ಬೈಕ್ ಹ್ಯಾಂಡಲ್, ಅಡಿಕೆ ಮರದಿಂದ ಬೀಳೋದು, ಹಾವೇರಿ ಕಡೆ ದೀಪಾವಳಿ ಹೊತ್ತಿಗೆ ಹೋರಿ ಬೆದರಿಸೋ ಹಬ್ಬದಲ್ಲಿ ಹೋರಿ ಎದೆ ಮೇಲೆ ಕಾಲಿಟ್ಟು ಹೋಗೋದು, ಗೋಡೆ ಕುಸಿದು ಕೆಳಗೆ ಸಿಕ್ಕಾಕ್ಕೊಳ್ಳೋದು. ಹೊಟ್ಟೆ ಮೇಲೆ ಚಕ್ರ ಹತ್ತಿದ್ರೂ ಆಗತ್ತೆ, ಯಾಕಂದ್ರೆ ಹೊಟ್ಟೆ ಒತ್ತಿದಾಗ ಅಲ್ಲಿನ ರಕ್ತ ಎಲ್ಲಾ ಒಂದೇ ಸಲ ಮೇಲಕ್ಕೆ ಗುಂಡಿಗೆಗೆ ನುಗ್ಗತ್ತೆ, ತುಂಬಿದ ಬಲೂನನ್ನ ಇನ್ನೊಂದು ಕಡೆಯಿಂದ ಹಿಂಡಿದ ಹಾಗೆ. ಮಕ್ಕಳ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು, ಅವರ ಪಕ್ಕೆಲುಬು ಬಿದಿರಿನ ಎಳೆ ತರ ಬಗ್ಗತ್ತೆ, ಮುರಿಯಲ್ಲ, ಹಾಗಾಗಿ ಮೂಳೆ ಸರಿ ಇದ್ದೂ ಒಳಗೆ ಏಟಾಗಿರತ್ತೆ.

ಹೆಸರಿನ ಗಲಾಟೆ ಒಂದು ಹೇಳ್ಬಿಡ್ತೀನಿ. ನಾವು ಓದಿದ್ದು "ಮಯೋಕಾರ್ಡಿಯಲ್ ಕಂಟ್ಯೂಷನ್", ಅಂದ್ರೆ ಗುಂಡಿಗೆಯ ಮಾಂಸ ಕಂದಿಹೋಗಿದೆ ಅಂತ. ಕಂದಿದೆಯೋ ಇಲ್ವೋ ಅಂತ ನಿಜವಾಗಿ ತೋರಿಸೋಕೆ ಗುಂಡಿಗೆನ ಕೈಯಲ್ಲಿ ಹಿಡಿದು ನೋಡಬೇಕು, ಅಂದ್ರೆ ಪೋಸ್ಟ್‌ಮಾರ್ಟಮ್ ಟೇಬಲ್ಲೇ ಗತಿ. ಹಾಗಾಗಿ ಒಂದೊಂದು ಆಸ್ಪತ್ರೆಲಿ ಒಂದೊಂದು ಲೆಕ್ಕ, ಒಬ್ರು ಎಲ್ಲರಿಗೂ ಕಂಟ್ಯೂಷನ್ ಅಂತ ಬರೆದು ಐಸಿಯುಗೆ ಹಾಕೋರು, ಇನ್ನೊಬ್ರು ಯಾರಿಗೂ ಬರೆಯೋರಲ್ಲ. 1992ರಲ್ಲಿ ಹ್ಯೂಸ್ಟನ್ನಿನ ಸರ್ಜನ್ ಕೆನೆತ್ ಮ್ಯಾಟಾಕ್ಸ್ ಮತ್ತೆ ಅವರ ಜೊತೆಗಾರರು ಈ ಪದಾನೇ ಬಿಡಿ ಅಂದ್ರು. ಬ್ಲಂಟ್ ಕಾರ್ಡಿಯಾಕ್ ಇಂಜುರಿ ಅನ್ನಿ, ಅದರ ಪಕ್ಕದಲ್ಲಿ ಏನು ಆಗಿದೆ ಅಂತ ಬರೀರಿ, ರಿದಂ ಕೆಟ್ಟಿದೆಯಾ, ಪಂಪ್ ಸೋತಿದೆಯಾ, ಗೋಡೆ ಹರಿದಿದೆಯಾ, ವಾಲ್ವ್ ಕಿತ್ತಿದೆಯಾ ಅಂತ. ನಂಗೆ ಇದು ತುಂಬಾ ಹಿಡಿಸ್ತು. ಗುಂಡಿಗೆ ಕಂದಿದೆಯಾ ಅನ್ನೋ ಪ್ರಶ್ನೆಗೆ ಉತ್ತರ ಇಲ್ಲ, ಈಗ ಅದು ಏನು ಮಾಡ್ತಿದೆ ಅನ್ನೋ ಪ್ರಶ್ನೆಗೆ ಉತ್ತರ ಇದೆ, ಅದೂ ತಾಲೂಕು ಆಸ್ಪತ್ರೆಲೇ ಇದೆ.

ಸರಿ, ಏನು ಮಾಡಬೇಕು. ಎದೆಗೆ ಜೋರು ಏಟು ಬಿದ್ದಿರೋ ಪ್ರತಿಯೊಬ್ಬರಿಗೂ ಬಂದ ತಕ್ಷಣ 12 ಲೀಡ್ ಇಸಿಜಿ. ನೋವು ಇದೆಯೋ ಇಲ್ವೋ, ನಡ್ಕೊಂಡು ಬಂದ್ನೋ ಸ್ಟ್ರೆಚರ್ ಮೇಲೆ ಬಂದ್ನೋ ಅಂತೆಲ್ಲಾ ಯೋಚನೆ ಮಾಡ್ಬೇಡಿ. ನೋಡಬೇಕಾದ್ದು ಏನು? ಕಾರಣ ಇಲ್ಲದೆ ಓಡ್ತಿರೋ ಸೈನಸ್ ಟ್ಯಾಕಿಕಾರ್ಡಿಯಾ, ಅಂದ್ರೆ ತಾಳ ಸರಿ ಇದ್ದು ಬಡಿತ ಮಾತ್ರ ಜೋರು, ಅದೇ ಎಲ್ಲಕ್ಕಿಂತ ಜಾಸ್ತಿ ಸಿಗೋದು, ಮತ್ತೆ ಅದನ್ನೇ ನಾವು ನೋವು, ಭಯ, ರಕ್ತ ಹೋಗಿದೆ ಅಂತ ಹೇಳಿ ಬಿಟ್ಬಿಡೋದು, ನಾನು ಮಾಡಿದ್ದೂ ಅದನ್ನೇ. ಆಮೇಲೆ ಎಕ್ಸ್ಟ್ರಾ ಬೀಟ್‌ಗಳು, ಏಟ್ರಿಯಲ್ ಫೈಬ್ರಿಲೇಷನ್, ರೈಟ್ ಬಂಡಲ್ ಬ್ಲಾಕ್ (ಬಲಗಡೆಗೆ ಕರೆಂಟ್ ಹೋಗೋ ದಾರಿಗೆ ತಡೆ), ಇಸಿಜಿ ಗೆರೆಯಲ್ಲಿ ಎಸ್‌ಟಿ ಅನ್ನೋ ಭಾಗದ ಏರಿಳಿತ, ಹಾರ್ಟ್ ಬ್ಲಾಕ್ (ಮೇಲಿನ ಕೋಣೆಯಿಂದ ಕೆಳಗೆ ಕರೆಂಟ್ ಇಳಿಯೋಕೆ ತಡೆ). ಇವುಗಳಲ್ಲಿ ಯಾವುದಾದ್ರೂ ಹೊಸದಾಗಿ ಕಂಡ್ರೆ ಆ ಮನುಷ್ಯನ್ನ ಮಾನಿಟರ್ ಮೇಲೆ ಮಲಗಿಸಿ, 24 ಗಂಟೆ. ಇಲ್ಲಿ ಯಾರೋ ಕೇಳ್ತಿದಾರೆ, ಹಳೇದೋ ಹೊಸದೋ ಅಂತ ಹೇಗೆ ಗೊತ್ತಾಗತ್ತೆ ಅಂತ. ಗೊತ್ತಾಗಲ್ಲ. ಹಳೇ ಇಸಿಜಿ ಇದ್ರೆ ಮನೆಯವರಿಗೆ ಫೋಟೋ ತೆಗೆದು ವಾಟ್ಸಾಪ್ ಮಾಡೋಕೆ ಹೇಳಿ, ಇಲ್ಲಾಂದ್ರೆ ಹೊಸದು ಅಂತಾನೇ ತಿಳ್ಕೊಳ್ಳಿ.

ಎರಡನೇದು ಟ್ರೊಪೊನಿನ್, ಗುಂಡಿಗೆಯ ಮಾಂಸಕ್ಕೆ ಏಟಾದ್ರೆ ರಕ್ತಕ್ಕೆ ಸೋರೋ ಪ್ರೋಟೀನು, ಅದರ ರಕ್ತಪರೀಕ್ಷೆ. ಹಿಂದೆ ನಾವೆಲ್ಲಾ ಸಿಕೆ-ಎಂಬಿ ಅನ್ನೋ ಇನ್ನೊಂದು ರಕ್ತಪರೀಕ್ಷೆ ಮಾಡಿಸ್ತಿದ್ವಿ, ಈಗಲೂ ಕೆಲವು ಲ್ಯಾಬ್‌ಗಳು ಕಾರ್ಡಿಯಾಕ್ ಪ್ರೊಫೈಲ್ ಅಂತ ಅದನ್ನ ಸೇರಿಸಿ ಬಿಲ್ ಹಾಕ್ತಾರೆ. ಆಕ್ಸಿಡೆಂಟ್ ಕೇಸಲ್ಲಿ ಅದರಿಂದ ಉಪಯೋಗ ಇಲ್ಲ ಕಣ್ರೀ. ತೊಡೆ ಜಜ್ಜಿಹೋಗಿರತ್ತೆ, ಭುಜ ಜಜ್ಜಿಹೋಗಿರತ್ತೆ, ಆ ಮಾಂಸಖಂಡದಿಂದಾನೂ ಸಿಕೆ-ಎಂಬಿ ಬರತ್ತೆ, ಕೈಕಾಲಿಗೆ ಆದ ಏಟನ್ನ ಗುಂಡಿಗೆ ಲೆಕ್ಕಕ್ಕೆ ಬರೆದ ಹಾಗಾಗತ್ತೆ. ಟ್ರೊಪೊನಿನ್ ಐ ಹಾಗಲ್ಲ, ಅದು ಗುಂಡಿಗೆಯ ಸ್ವಂತ ಸೊತ್ತು. ಲಾಸ್ ಏಂಜಲೀಸ್‌ನಲ್ಲಿ ಮಾಡಿ 2003ರಲ್ಲಿ ಬಂದ ಒಂದು ಸ್ಟಡಿ ನಂಗೆ ತುಂಬಾ ಇಷ್ಟ, ಎದೆಗೆ ಏಟಾದ 333 ಜನ, ಅದರಲ್ಲಿ ಗುಂಡಿಗೆಗೆ ಲೆಕ್ಕಕ್ಕೆ ಬರೋ ಅಷ್ಟು ಪೆಟ್ಟಾಗಿದ್ದು 44 ಜನಕ್ಕೆ. ಇಸಿಜಿ, ಟ್ರೊಪೊನಿನ್ ಎರಡೂ ಬಂದಾಗಲೂ ನಾರ್ಮಲ್, 8 ಗಂಟೆ ಬಿಟ್ಟು ನೋಡಿದಾಗಲೂ ನಾರ್ಮಲ್ ಇದ್ದೋರಲ್ಲಿ ಒಬ್ಬರಿಗೂ ಅಂಥ ಪೆಟ್ಟು ಇರಲಿಲ್ಲ. ಒಬ್ಬರದು ಮಾತ್ರ ಬಂದಾಗ ಎರಡೂ ಸರಿ ಇದ್ದು ಆಮೇಲೆ ಬದಲಾಯ್ತು. ಆ ಒಬ್ಬರ ನೆನಪಿಗೇ ನಾನು ಎರಡನೇ ಸಲ ಮಾಡಿಸೋದು, ಬಂದಾಗ ಒಂದು, 6ರಿಂದ 8 ಗಂಟೆ ಬಿಟ್ಟು ಇನ್ನೊಂದು. ಅಮೆರಿಕದ ಟ್ರಾಮಾ ಸರ್ಜನ್‌ಗಳ ಸಂಘ ಈಸ್ಟ್ ಅಂತ ಇದೆ, ಅವರ 2012ರ ಗೈಡ್‌ಲೈನ್ ಕೂಡ ಇದನ್ನೇ ಹೇಳತ್ತೆ, ಎಲ್ಲರಿಗೂ ಇಸಿಜಿ, ಇಸಿಜಿ ಮತ್ತೆ ಟ್ರೊಪೊನಿನ್ ಐ ಎರಡೂ ಸರಿ ಇದ್ರೆ ಗುಂಡಿಗೆ ಪೆಟ್ಟು ಇಲ್ಲ ಅಂತ ಬಿಡಬಹುದು, ಇಸಿಜಿ ಒಂದೇ ನೋಡಿ ಬಿಡ್ಬೇಡಿ ಅಂತ.

ಆದ್ರೆ ಇದರ ಉಲ್ಟಾ ನಿಜ ಅಲ್ಲ, ಇದನ್ನ ಚೆನ್ನಾಗಿ ತಲೇಲಿ ಇಟ್ಕೊಳ್ಳಿ. ಟ್ರೊಪೊನಿನ್ ಸ್ವಲ್ಪ ಏರಿದೆ ಅಂದ ತಕ್ಷಣ ಗುಂಡಿಗೆಗೆ ಏಟು ಅಂತ ಅಲ್ಲ. ರಕ್ತ ತುಂಬಾ ಹೋಗಿ ಶಾಕಲ್ಲಿ ಇದ್ರೂ ಏರತ್ತೆ, ಕಿಡ್ನಿ ಕೆಟ್ಟಿದ್ರೂ ಏರಿರತ್ತೆ. ಈ ಎರಡು ಟೆಸ್ಟು ಸೇರಿ ಇಲ್ಲ ಅಂತ ಹೇಳೋದರಲ್ಲಿ ಗಟ್ಟಿ, ಹೌದು ಅಂತ ಹೇಳೋದರಲ್ಲಿ ಅಷ್ಟು ನಂಬಿಕಸ್ತ ಅಲ್ಲ. ತಾಲೂಕು ಮಟ್ಟದಲ್ಲಿ ನಮಗೆ ಬೇಕಿರೋದೂ ಅದೇ ಅಲ್ವಾ, ಯಾರನ್ನ ಮನೆಗೆ ಕಳಿಸಬಹುದು, ಯಾರನ್ನ ಆಂಬುಲೆನ್ಸ್ ಹತ್ತಿಸಬೇಕು ಅಂತ.

ಎಕೋ, ಅಂದ್ರೆ ಗುಂಡಿಗೆಯ ಅಲ್ಟ್ರಾಸೌಂಡ್, ಎಲ್ಲರಿಗೂ ಬೇಡ. ಬಿಪಿ ಬಿದ್ದಿದೆ, ಕಾರಣ ಗೊತ್ತಾಗ್ತಿಲ್ಲ, ಇಲ್ಲಾ ರಿದಂ ಕೆಟ್ಟಿದ್ದು ಸರಿ ಹೋಗ್ತಿಲ್ಲ, ಇಲ್ಲಾ ಸ್ಟೆತ್ ಇಟ್ರೆ ಹೊಸ ಮರ್ಮರ್, ಅಂದ್ರೆ ಬಡಿತದ ನಡುವೆ ಸರ್ ಅನ್ನೋ ಸದ್ದು, ಕೇಳ್ತಿದೆ, ಆಗ ಬೇಕೇ ಬೇಕು.

ಬಿಪಿ ಬಿದ್ದಿರೋ ಪೇಷೆಂಟ್ ಬಗ್ಗೆ ಸ್ವಲ್ಪ ನಿಧಾನ ಹೇಳ್ತೀನಿ. ಎದೆಗೆ ಏಟಾಗಿ ಬಿಪಿ ಬಿದ್ರೆ ಮೊದಲು ಯೋಚನೆ ಮಾಡಬೇಕಾದ್ದು ಗುಂಡಿಗೆ ಅಲ್ಲ, ರಕ್ತ ಹೋಗ್ತಿದೆಯಾ, ಎದೆಯೊಳಗೆ ಗಾಳಿ ತುಂಬ್ಕೊಂಡಿದೆಯಾ ಅಂತ, ಅವೇ ಜಾಸ್ತಿ. ಅವೆರಡನ್ನೂ ನೋಡಾದ್ಮೇಲೆ ಗುಂಡಿಗೆ ಚೀಲದೊಳಗೆ ರಕ್ತ, ಟ್ಯಾಂಪೊನಾಡ್. ಆ ಚೀಲ ತಕ್ಷಣಕ್ಕೆ ಹಿಗ್ಗಲ್ಲ, ನಿಧಾನಕ್ಕೆ ತುಂಬಿದ್ರೆ ಲೀಟರ್ ಗಟ್ಟಲೆ ತಡ್ಕೊಳ್ಳತ್ತೆ, ಒಂದೇ ಸಲ ತುಂಬಿದ್ರೆ ಒಂದು ಲೋಟ ರಕ್ತ ಸಾಕು ಜೀವ ತೆಗೆಯೋಕೆ. ಕ್ಲೀವ್‌ಲ್ಯಾಂಡಿನ ಕ್ಲಾಡ್ ಬೆಕ್ 1935ರಲ್ಲಿ ಮೂರು ಲಕ್ಷಣ ಹೇಳಿದ್ರು, ಬಿಪಿ ಕಮ್ಮಿ, ಕತ್ತಿನ ನರ ಉಬ್ಬಿರತ್ತೆ, ಗುಂಡಿಗೆ ಸದ್ದು ಎಲ್ಲೋ ದೂರದಿಂದ ಬಂದ ಹಾಗಿರತ್ತೆ. ಪರೀಕ್ಷೇಲಿ ಬರೆಯೋಕೆ ಚೆನ್ನಾಗಿದೆ. ಕ್ಯಾಶುವಾಲ್ಟಿಲಿ ಸುತ್ತ ಹದಿನೈದು ಜನ ನೆಂಟರು ಅಳ್ತಿರ್ತಾರೆ, ಗುಂಡಿಗೆ ಸದ್ದು ಮೆತ್ತಗಿದೆಯೋ ನಿಮ್ಮ ಕಿವಿನೇ ಮೆತ್ತಗಾಗಿದೆಯೋ ಗೊತ್ತಾಗಲ್ಲ. ಕತ್ತಿನ ನರ? ರಕ್ತ ಹೋಗಿದ್ರೆ ಉಬ್ಬೋಕೆ ರಕ್ತನೇ ಇರಲ್ಲ. ಹಾಗಾಗಿ ಮೂರೂ ಕಾಣಲಿ ಅಂತ ಕಾಯ್ತಾ ಕೂರ್ಬೇಡಿ, ಅಲ್ಟ್ರಾಸೌಂಡ್ ಪ್ರೋಬ್ ತಗೊಂಡು ಎದೆಮೂಳೆ ಕೆಳಗೆ ಇಟ್ಟು ನೋಡಿ, ಗುಂಡಿಗೆ ಸುತ್ತ ಕಪ್ಪು ಪಟ್ಟಿ ಕಂಡ್ರೆ ಅಲ್ಲಿಗೆ ಮುಗೀತು, ಸರ್ಜನ್‌ಗೆ ಫೋನ್. ಇದಕ್ಕೆ ಫಾಸ್ಟ್ ಸ್ಕ್ಯಾನ್ ಅಂತಾರೆ, ಎರಡು ನಿಮಿಷದ ಕೆಲಸ, ರೇಡಿಯಾಲಜಿಸ್ಟ್ ಬರಲಿ ಅಂತ ಕಾಯಬೇಕಿಲ್ಲ, ನೀವೇ ಕಲಿತ್ಕೊಳ್ಳಿ. (ಅಂದ ಹಾಗೆ ಇದೇ ಬೆಕ್ ಮಹಾಶಯ 1947ರಲ್ಲಿ ಆಪರೇಷನ್ ಟೇಬಲ್ ಮೇಲೆ ನಿಂತುಹೋದ 14 ವರ್ಷದ ಹುಡುಗನ ಗುಂಡಿಗೆಗೆ ನೇರವಾಗಿ ಕರೆಂಟ್ ಕೊಟ್ಟು ಬದುಕಿಸಿದ್ರು, ಮನುಷ್ಯರ ಮೇಲೆ ಡಿಫಿಬ್ರಿಲೇಷನ್ ಗೆದ್ದಿದ್ದು ಅದೇ ಮೊದಲು. ಆ ವಿಷಯಕ್ಕೆ ಕೊನೇಲಿ ಮತ್ತೆ ಬರ್ತೀನಿ.)

ಈಗ ನಾನು ಇವತ್ತು ಬಂದಿದ್ದೇ ಯಾವ ವಿಷಯ ಹೇಳೋಕೆ ಅಂತ ಅಂದ್ಕೊಂಡಿದ್ನೋ ಅದು. 55 ವರ್ಷದ ಶುಗರ್ ಇರೋ ಮನುಷ್ಯ, ಕಾರು ರೋಡ್ ಡಿವೈಡರ್‌ಗೆ ಹೊಡೆದಿದೆ, ಎದೆ ನೋವು, ಇಸಿಜಿಲಿ ಎಸ್‌ಟಿ ಎದ್ದು ನಿಂತಿದೆ. ಏನಾಗಿದೆ ಹೇಳಿ? ಹಾರ್ಟ್ ಅಟ್ಯಾಕ್ ಆಗಿ ಕಾರು ಗುದ್ದಿತಾ, ಕಾರು ಗುದ್ದಿ ಹಾರ್ಟ್ ಅಟ್ಯಾಕ್ ಆಯ್ತಾ? ಎರಡೂ ಆಗಬಹುದು. ಏಟಿಗೆ ಗುಂಡಿಗೆಯ ರಕ್ತನಾಳದ ಒಳಪದರ ಸೀಳಿ ಮುಚ್ಕೊಳ್ಳೋದು ಉಂಟು, ಹೆಚ್ಚಾಗಿ ಮುಂದಿರೋ ಎಡ ಇಳಿನಾಳ, ಎಲ್‌ಎಡಿ. ಇಲ್ಲಾ ಬರೀ ಮಾಂಸ ಕಂದಿಯೂ ಎಸ್‌ಟಿ ಏಳಬಹುದು. ಈಗ ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಲ್ಲಿ ಹೃದಯ ಜ್ಯೋತಿ ಯೋಜನೆ ಇದೆ, ತುಂಬಾ ಒಳ್ಳೇ ಯೋಜನೆ, ತಾಲೂಕು ಆಸ್ಪತ್ರೆಲಿ ತೆಗೆದ ಇಸಿಜಿ ದೊಡ್ಡ ಆಸ್ಪತ್ರೆಗೆ ಹೋಗತ್ತೆ, ಅಲ್ಲಿಂದ ಹಾರ್ಟ್ ಅಟ್ಯಾಕ್ ಅಂತ ಹೇಳಿದ್ರೆ ರಕ್ತದ ಹೆಪ್ಪು ಕರಗಿಸೋ ಟೆನೆಕ್ಟಪ್ಲೇಸ್ ಇಂಜೆಕ್ಷನ್ ಪುಕ್ಕಟೆ ಕೊಡ್ತಾರೆ. ಆದ್ರೆ ಆ ಕಡೆ ಕೂತಿರೋರಿಗೆ ಕಾಣೋದು ಗೆರೆ ಮಾತ್ರ, ಒಡೆದಿರೋ ಕಾರಿನ ಗಾಜು ಕಾಣಲ್ಲ. ಆಕ್ಸಿಡೆಂಟ್ ಆಗಿದೆ ಅಂತ ನೀವು ಹೇಳಲಿಲ್ಲ ಅಂದ್ರೆ ಅವರು ಕೊಡಿ ಅಂತಾರೆ, ನೀವು ಕೊಡ್ತೀರಿ, ತಲೇಲಿ ಇದ್ದ ಸಣ್ಣ ರಕ್ತಸ್ರಾವ, ಸ್ಪ್ಲೀನಲ್ಲಿದ್ದ ಸಣ್ಣ ಸೀಳು, ಗುಂಡಿಗೆ ಚೀಲದಲ್ಲಿ ಜಿನುಗ್ತಿದ್ದ ರಕ್ತ ಎಲ್ಲಾ ನಲ್ಲಿ ಬಿಟ್ಟ ಹಾಗೆ ಹರಿಯತ್ತೆ. ದೊಡ್ಡ ಏಟಾದ ಮೇಲೆ ಹೆಪ್ಪು ಕರಗಿಸೋ ಮದ್ದು ಕೊಡೋ ಹಾಗಿಲ್ಲ. ಇಸಿಜಿ ಕಳಿಸುವಾಗ ಮೊದಲನೇ ಸಾಲು "ಎದೆಗೆ ಏಟಾಗಿದೆ" ಅಂತ ಟೈಪ್ ಮಾಡಿ. ಇಂಥವರಿಗೆ ಬೇಕಿರೋದು ಆಂಜಿಯೋಗ್ರಾಂ ಮಾಡೋ ಜಾಗ, ಇಂಜೆಕ್ಷನ್ ಅಲ್ಲ. ಮತ್ತೆ ಮನುಷ್ಯ ಮಾತಾಡೋ ಸ್ಥಿತೀಲಿ ಇದ್ರೆ ಒಂದೇ ಪ್ರಶ್ನೆ ಕೇಳಿ, "ಗುದ್ದೋಕೆ ಮುಂಚೆ ಎದೆ ನೋವಿತ್ತಾ, ಕಣ್ಣು ಕತ್ತಲೆ ಬಂತಾ?" ಎಷ್ಟೋ ಸಲ ಉತ್ತರ ಅಲ್ಲೇ ಸಿಗತ್ತೆ.

ಇನ್ನೊಂದು ತರದ ಏಟು ಇದೆ, ಅಲ್ಲಿ ಗುದ್ದಿದ ಜಾಗಕ್ಕಿಂತ ನಿಂತ ರಭಸ ಕೊಲ್ಲತ್ತೆ. 1997ರ ಆಗಸ್ಟ್ 31ರ ರಾತ್ರಿ ಪ್ಯಾರಿಸ್ಸಿನ ಸುರಂಗದಲ್ಲಿ ರಾಜಕುಮಾರಿ ಡಯಾನಾ ಇದ್ದ ಕಾರು ಕಂಬಕ್ಕೆ ಹೊಡೀತು, ಬೆಲ್ಟ್ ಹಾಕಿರಲಿಲ್ಲ, ಏಟಾದ ಮೇಲೂ ಅವರಿಗೆ ಪ್ರಜ್ಞೆ ಇತ್ತು, ಏನೋ ಮಾತಾಡಿದ್ರು ಕೂಡ. ಕಾರಿಂದ ಹೊರಗೆ ತೆಗೆದ ಸ್ವಲ್ಪ ಹೊತ್ತಿಗೆ ಹಾರ್ಟ್ ನಿಂತಿತು. ಆಸ್ಪತ್ರೆಲಿ ಎದೆ ತೆರೆದಾಗ ಕಂಡಿದ್ದು ಎಡ ಶ್ವಾಸಕೋಶದಿಂದ ಗುಂಡಿಗೆಗೆ ಬರೋ ಮೇಲಿನ ಅಭಿಧಮನಿ ಹರಿದಿದ್ದು, ಅದೂ ಗುಂಡಿಗೆಗೆ ಸೇರೋ ಜಾಗದಲ್ಲಿ. ಬಸ್ಸು ಗಕ್ಕನೆ ಬ್ರೇಕ್ ಹಾಕಿದಾಗ ನಿಂತಿರೋರು ಮುಂದಕ್ಕೆ ಹೋಗ್ತಾರಲ್ಲ, ಎದೆಯೊಳಗೆ ಗುಂಡಿಗೆನೂ ಹಾಗೇ ತೂಗಾಡತ್ತೆ, ಕಟ್ಟಿಹಾಕಿರೋ ನಾಳಗಳು ಎಳೆದು ಹರಿಯತ್ತೆ, ದೊಡ್ಡ ರಕ್ತನಾಳ ಅಯೋರ್ಟಾನೂ ಹೀಗೇ ಹರಿಯೋದು. ಇದನ್ನ ಇಸಿಜಿ ಹೇಳಲ್ಲ, ಟ್ರೊಪೊನಿನ್ ಹೇಳಲ್ಲ. ಎಕ್ಸ್‌ರೇಲಿ ಎದೆ ಮಧ್ಯದ ನೆರಳು ಅಗಲ ಆಗಿದ್ರೆ ಅನುಮಾನ ಬರಬೇಕು, ಕಾಂಟ್ರಾಸ್ಟ್ ಹಾಕಿದ ಸಿಟಿ ತೋರಿಸತ್ತೆ. ಮಾತಾಡ್ತಿದಾನೆ, ನೀರು ಕೇಳ್ತಿದಾನೆ, ಏನಿಲ್ಲ ಬಿಡಿ ಅಂತ ಸೀನಿಯರ್‌ಗಳು ಅಂದ್ರೂ ಸ್ಪೀಡ್ ಎಷ್ಟಿತ್ತು ಅಂತ ಕೇಳಿ. 108ರಲ್ಲಿ ಕರ್ಕೊಂಡು ಬಂದ ಹುಡುಗರನ್ನ ಕೇಳಿ, ಗಾಡಿ ಹೇಗಿತ್ತು, ಸ್ಟೇರಿಂಗ್ ಬಗ್ಗಿತ್ತಾ ಅಂತ. ಅವರು ನೋಡಿರ್ತಾರೆ, ನಾವು ಕೇಳಲ್ಲ, ಅವರು ಟ್ರಿಪ್ ಶೀಟಿಗೆ ಸೈನ್ ಹಾಕಿಸ್ಕೊಂಡು ಹೋಗ್ಬಿಡ್ತಾರೆ.

ಕ್ರಿಕೆಟ್ ಬಾಲ್ ವಿಷಯ ಯಾರೋ ಚೀಟಿ ಕಳಿಸಿದಾರೆ, ಮಗ ಅಕಾಡೆಮಿಗೆ ಹೋಗ್ತಾನಂತೆ. ಇದು ಪೂರ್ತಿ ಬೇರೆ ಕಾಯಿಲೆ, ಕಮೋಷಿಯೋ ಕಾರ್ಡಿಸ್ ಅಂತ. ಇಲ್ಲಿ ಗುಂಡಿಗೆ ಕಂದಲ್ಲ, ಹರಿಯಲ್ಲ, ಪೋಸ್ಟ್‌ಮಾರ್ಟಮ್ ಮಾಡಿದ್ರೂ ಏನೂ ಸಿಗಲ್ಲ, ಏಟು ಬಿದ್ದ ಟೈಮು ಕೆಟ್ಟದು ಅಷ್ಟೇ. ಬಾಸ್ಟನ್ನಿನಲ್ಲಿ 1998ರಲ್ಲಿ ಹಂದಿಗಳ ಎದೆಗೆ ಬೇಸ್‌ಬಾಲ್ ಹೊಡೆಸಿ ನೋಡಿದ್ರು, ಗಂಟೆಗೆ 48 ಕಿಲೋಮೀಟರ್ ವೇಗ, ಅಂದ್ರೆ ನಮ್ಮ ಗಲ್ಲಿ ಬೌಲರ್‌ಗೂ ಆಗೋ ವೇಗ. ಇಸಿಜಿಯ ಟಿ ಅಲೆ (ಪ್ರತಿ ಬಡಿತದ ಕೊನೇಲಿ ಕಾಣೋ ಉಬ್ಬು) ತುದಿ ಮುಟ್ಟೋಕೆ 15ರಿಂದ 30 ಮಿಲಿಸೆಕೆಂಡ್ ಮುಂಚೆ ಏಟು ಬಿದ್ರೆ ಗುಂಡಿಗೆ ನೇರವಾಗಿ ವೆಂಟ್ರಿಕ್ಯುಲರ್ ಫೈಬ್ರಿಲೇಷನ್‌ಗೆ ಹೋಗ್ತಿತ್ತು, ಅಂದ್ರೆ ಬಡಿಯೋದು ಬಿಟ್ಟು ನಡುಗೋದು. ರೆಪ್ಪೆ ಮಿಟುಕಿಸೋದಕ್ಕಿಂತ ಎಷ್ಟೋ ಚಿಕ್ಕ ಕಿಟಕಿ ಅದು, ಅದಕ್ಕೇ ದಿನಾ ಸಾವಿರಾರು ಹುಡುಗರ ಎದೆಗೆ ಬಾಲ್ ಬಿದ್ರೂ ಏನೂ ಆಗಲ್ಲ. 2023ರ ಜನವರಿ 2ರಂದು ಅಮೆರಿಕನ್ ಫುಟ್‌ಬಾಲಿನ ಡಮಾರ್ ಹ್ಯಾಮ್ಲಿನ್ ಟ್ಯಾಕಲ್ ಮಾಡಿ ಎದ್ದು ನಿಂತು ಹಾಗೇ ಹಿಂದಕ್ಕೆ ಬಿದ್ದರಲ್ಲ, ಟಿವಿಲಿ ಜಗತ್ತೆಲ್ಲಾ ನೋಡ್ತು, ಅದು ಇದೇ. ಮೈದಾನದಲ್ಲೇ ಎದೆ ಒತ್ತಿದ್ರು, ಶಾಕ್ ಕೊಟ್ರು, ಅದೇ ವರ್ಷ ಅವರು ವಾಪಸ್ಸು ಆಡಿದ್ರು. ಇಲ್ಲಿ ಡಯಾಗ್ನೋಸಿಸ್ ಮಾಡೋದು ಡಾಕ್ಟರ್ ಅಲ್ಲ, ಪಕ್ಕದಲ್ಲಿರೋ ಅಂಪೈರು, ಕೋಚು. ಎದೆಗೆ ಬಾಲ್ ಬಿತ್ತು, ಹುಡುಗ ಕುಸಿದ, ಕೂಗಿದ್ರೆ ಅಲುಗಾಡ್ತಿಲ್ಲ, ಅಷ್ಟೇ ಡಯಾಗ್ನೋಸಿಸ್. ಕೈಗೆ ಕಬ್ಬಿಣ ಕೊಡೋದು, ಮುಖಕ್ಕೆ ನೀರು ಹೊಡೆಯೋದು, ಈರುಳ್ಳಿ ಮೂಸಿಸೋದು ಇದೆಲ್ಲಾ ಬಿಟ್ಟು ಎದೆ ಒತ್ತೋಕೆ ಶುರು ಮಾಡಿ, ಒಬ್ಬರು ಏಇಡಿ, ಅಂದ್ರೆ ಗುಂಡಿಗೆಗೆ ಶಾಕ್ ಕೊಡೋ ಮಷಿನ್, ತರೋಕೆ ಓಡಲಿ, ಒಬ್ಬರು 108ಕ್ಕೆ ಫೋನ್ ಹಚ್ಚಲಿ. ಶಾಕ್ ಒಂದೊಂದು ನಿಮಿಷ ತಡ ಆದಷ್ಟೂ ಬದುಕೋ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯತ್ತೆ. ಬೆಕ್ ಎದೆ ತೆರೆದು ಮಾಡಿದ ಕೆಲಸನ ಈಗ ಡಬ್ಬದಲ್ಲಿರೋ ಮಷಿನ್ ತಾನೇ ಮಾತಾಡಿ ಹೇಳ್ಕೊಟ್ಟು ಮಾಡಿಸತ್ತೆ. ಎದೆಗೆ ಪ್ಯಾಡ್ ಕಟ್ಟಿದ್ರೆ ಆಗಲ್ವಾ ಅಂತನೂ ಕೇಳಿದಾರೆ, ಪ್ಯಾಡ್ ಕಟ್ಟಿದ್ದವರಿಗೂ ಆಗಿದೆ, ಹಾಗಾಗಿ ಅಕಾಡೆಮಿ ಸೇರಿಸುವಾಗ ಏಇಡಿ ಎಲ್ಲಿಟ್ಟಿದೀರಿ, ಬೀಗದ ಕೈ ಯಾರ ಹತ್ರ ಇರತ್ತೆ ಅಂತ ಕೇಳಿ.

ಎದೆಮೂಳೆ ಮುರಿದಿದ್ರೆ ಗುಂಡಿಗೆಗೂ ಏಟಾಗಿರಲೇಬೇಕಾ ಅಂತ ಇನ್ನೊಂದು ಚೀಟಿ. ಬೇಕಾಗಿಲ್ಲ. ಇಸಿಜಿ, ಟ್ರೊಪೊನಿನ್ ಸರಿ ಇದ್ರೆ ಬರೀ ಎದೆಮೂಳೆ ಮುರಿತಕ್ಕೆ ಹಾರ್ಟಿನ ಮಾನಿಟರ್ ಹಾಕಿ ಮಲಗಿಸೋದು ಬೇಡ, ನೋವಿಗೆ ಚೆನ್ನಾಗಿ ಮದ್ದು ಕೊಡಿ.

ಆಮೇಲೆ ಫಾಲೋ ಅಪ್. ಪೆಟ್ಟಾಗಿದ್ದೋರನ್ನ ಒಂದೆರಡು ಸಲ ವಾಪಸ್ಸು ಕರೆಸಿ, ಯಾಕಂದ್ರೆ ವಾಲ್ವ್ ಪೆಟ್ಟು ಕೆಲವು ಸಲ ತಡವಾಗಿ ಕಾಣತ್ತೆ, ಅದರಲ್ಲೂ ಬಲಗಡೆಯ ಟ್ರೈಕಸ್ಪಿಡ್ ವಾಲ್ವ್ ಕಿತ್ತಿದ್ರೆ ವರ್ಷಗಟ್ಟಲೆ ಸುಮ್ನಿದ್ದು ಆಮೇಲೆ ಕಾಲು ಊದ್ಕೊಂಡು ಬರೋರಿದಾರೆ, ಆಗ ಅವರಿಗೆ ಹಳೇ ಆಕ್ಸಿಡೆಂಟ್ ನೆನಪೇ ಇರಲ್ಲ. ನನ್ನ ಟ್ರ್ಯಾಕ್ಟರ್ ಡ್ರೈವರ್ ಏನಾದ ಅಂತ ಮುಂದಿನ ಸಾಲಲ್ಲಿ ಆಗಿಂದ ಕೇಳ್ತಿದೀರಿ. ಟ್ರೊಪೊನಿನ್ ಏರಿತ್ತು, ಎಕೋಲಿ ಬಲ ವೆಂಟ್ರಿಕಲ್ ಸ್ವಲ್ಪ ಸೋಮಾರಿಯಾಗಿತ್ತು, ಮಾನಿಟರ್ ಮೇಲೆ ಇಟ್ವಿ, ಮಾರನೇ ದಿನ ರಿದಂ ತಾನಾಗೇ ಸರಿ ಹೋಯ್ತು. ಮೂರು ತಿಂಗಳಿಗೆ ಬಂದಾಗ ಎಕೋ ಪೂರ್ತಿ ನಾರ್ಮಲ್. ಎದ್ದು ಹೊರಡ್ತಾ ಬಾಗಿಲ ಹತ್ರ ನಿಂತು ಅಂದ, "ಗಾಡಿ ರಿಪೇರಿ ಆಯ್ತು ಸಾ, ಸ್ಟೇರಿಂಗೇ ಬದಲಾಯಿಸ್ಬೇಕಾಯ್ತು, ಅವತ್ತು ರಾತ್ರಿ ಬಿಲ್ಲಿನ ತರ ಬಗ್ಗೋಗಿತ್ತು."